ಚಳಿಗೂ ಚೆಲುವಿಗೂ

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಓವರ್‌ಕೋಟಿನ ವಿಚಾರದಲ್ಲಿ ಪಿತ್ರಾರ್ಜಿತವಾದ ಜ್ಞಾನವೇನೂ ಇರುವುದಿಲ್ಲ. ಪಂಚೆಯ ಅಂಚು ಎಷ್ಟು ಅಗಲವಿರಬೇಕು, ಶಲ್ಯವನ್ನು ಹೇಗೆ ಹೊದೆಯಬೇಕು, ರುಮಾಲನ್ನು ಹೇಗೆ ಸುತ್ತಬೇಕು ಎಂಬುದನ್ನೆಲ್ಲ ನಮ್ಮ ಹಿರಿಯರು ಬಲ್ಲವರಾಗಿದ್ದರು. ಹಳೆಯ ಮೈಸೂರಿನ ದೊಡ್ಡ ಮನುಷ್ಯರು ಕಚ್ಚೆಪಂಚೆ, ಜರಿಪೇಟಗಳ ಜೊತೆಯಲ್ಲಿ ಉದ್ದವಾದ ಕೋಟನ್ನು ತೊಡುತ್ತಿದ್ದುದೂ ನಿಜವೆ. ಆದರೆ ಆ ಕೋಟು ಮರ್ಯಾದೆಗಾಗಿ ಬಂದುದೇ ಹೊರತು ಚಳಿಗಾಗಿ ಬಂದುದಲ್ಲ. ನಮ್ಮ ಚಳಿಯಾದರೂ ಎಷ್ಟರದು? ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದುದೇ ಇಂದಿಗೂ ದಾಖಲೆಯಾಗಿ ಉಳಿದಿದೆ. ಸಾಮಾನ್ಯವಾದ ಪುಷ್ಯಮಾಸದ ಮುಂಜಾನೆಯನ್ನು ಎದುರಿಸಲು ಒಂದು ಸ್ವೆಟರು, ಒಂದು ಮಫ್ಲರು, ಒಂದು ಲೋಟ ಕಾಫಿ ಧಾರಾಳವಾಗಿ ಸಾಕು.

ಆದರೆ ಈಗ ಮನೆಮನೆಯಿಂದಲೂ ಮಕ್ಕಳು ದೂರ ಹೋಗುತ್ತಿದ್ದಾರೆ. ಒಬ್ಬನಿಗೆ ದಿಲ್ಲಿಯಲ್ಲಿ ಉದ್ಯೋಗ, ಇನ್ನೊಬ್ಬನಿಗೆ ಶಿಕಾಗೋವಿನಲ್ಲಿ ವ್ಯಾಸಂಗ. ಮಗಳ ಬಾಣಂತನಕ್ಕೆಂದು ಟೊರಾಂಟೋವಿಗೆ ಹೊರಟ ತಂದೆತಾಯಿಗಳೂ ಕಡಿಮೆಯಿಲ್ಲ. ಪ್ರಯಾಣದ ದಿನ ಸಮೀಪಿಸಿದಂತೆ ಮನೆಯಲ್ಲಿ ಕೋಟಿನ ಮಾತು ಏಳುತ್ತದೆ. ಎದ್ದ ಕೂಡಲೆ ಎರಡು ಪಕ್ಷಗಳಾಗುತ್ತವೆ. ಬೆಚ್ಚಗಿದ್ದರೆ ಸಾಕು, ಹೇಗೆ ಕಂಡರೇನು ಎಂಬುದು ತಾಯಿಯ ಪಕ್ಷ. ಮೂಟೆಯಂತೆ ಕಾಣುವುದಕ್ಕಿಂತ ನಡುಗುವುದೇ ಲೇಸು ಎಂಬುದು ಮಗನ ಪಕ್ಷ. ಹಣ ಕೊಡುವವರು ತಂದೆಯಾದುದರಿಂದ ಅವರು ಬೆಲೆಯ ಪಕ್ಷ. ವಾಸ್ತವವಾಗಿ ಈ ಜಗಳಕ್ಕೆ ಆಧಾರವೇ ಇಲ್ಲ. ಒಳ್ಳೆಯ ಓವರ್‌ಕೋಟಿನಲ್ಲಿ ನಾವು ಯಾವುದನ್ನು ಚೆಲುವು ಎನ್ನುತ್ತೇವೆಯೋ ಅದು ಬಹುಮಟ್ಟಿಗೆ ಚಳಿಯನ್ನು ತಡೆಯುವ ಸಲುವಾಗಿಯೇ ಹುಟ್ಟಿಕೊಂಡದ್ದು.

ಬಟ್ಟೆ ತಾನಾಗಿ ಶಾಖವನ್ನು ಉತ್ಪತ್ತಿ ಮಾಡುವುದಿಲ್ಲ. ಒಲೆಯಿರುವುದು ನಮ್ಮ ಮೈಯಲ್ಲಿ. ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಟ್ಟು, ಮೈಯ ಶಾಖ ಸೋರಿಹೋಗದಂತೆ ಮಾಡುವುದಷ್ಟೆ ಅದರ ಕೆಲಸ. ಉಣ್ಣೆಯ ಎಳೆ ಸುರುಳಿಸುರುಳಿಯಾಗಿರುವುದರಿಂದ ಈ ಕೆಲಸವನ್ನು ಹತ್ತಿಗಿಂತ ಚೆನ್ನಾಗಿ ಮಾಡುತ್ತದೆ. ಮೇಲಾಗಿ ಅದು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡೂ ಮುಟ್ಟಿದರೆ ಒದ್ದೆಯೆನಿಸದೆ ಇರಬಲ್ಲದು. ಇದನ್ನು ಕಲಿಯಲು ನಾವು ಲಂಡನ್ನಿಗೆ ಹೋಗಬೇಕಾದ ಕಾರಣವಿಲ್ಲ. ಮಲೆನಾಡಿನ ಮುಂಗಾರಿನಲ್ಲಿ ಕರಿಯ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದ ರೈತನು ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. ನಮ್ಮ ಕುರುಬರು ಹುಣಸೆಬೀಜದ ಗಂಜಿ ಹಾಕಿ ನೇಯುವ ಆ ಕಂಬಳಿ, ತೋಳು ಗುಂಡಿಗಳಿಲ್ಲದ ಓವರ್‌ಕೋಟೇ ಸರಿ.

ಆದುದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದುದು ಕೋಟಿನ ರೂಪವನ್ನಲ್ಲ, ಬಟ್ಟೆಯನ್ನು. ಓವರ್‌ಕೋಟಿಗೆ ಹೆಸರಾದ ಬಟ್ಟೆ ಮೆಲ್ಟನ್. ಇಂಗ್ಲೆಂಡಿನ ಮೆಲ್ಟನ್ ಮೋಬ್ರೆ ಎಂಬ ಊರಿನಿಂದ ಅದಕ್ಕೆ ಆ ಹೆಸರು. ನೇಯ್ದ ಉಣ್ಣೆಯನ್ನು ನೀರಿನಲ್ಲಿ ನೆನೆಸಿ, ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುವವರೆಗೆ ತುಳಿದು ತಿಕ್ಕಿ, ನೇಯ್ಗೆಯೇ ಕಾಣದಂತೆ ದಟ್ಟಗೊಳಿಸಿದ ಬಟ್ಟೆ ಇದು. ಗಾಳಿ ಇದರೊಳಕ್ಕೆ ಸುಲಭವಾಗಿ ನುಗ್ಗಲಾರದು. ಪರೀಕ್ಷೆ ಬಹಳ ಸುಲಭ. ಅಸ್ತರಿಲ್ಲದ ಒಂದು ಭಾಗ ಸಿಕ್ಕಿದರೆ ಅದನ್ನು ದೀಪಕ್ಕೆ ಹಿಡಿಯಿರಿ. ಬೆಳಕಿನ ಚುಕ್ಕೆಗಳು ಕಂಡಲ್ಲೆಲ್ಲ ನಾಳೆ ಗಾಳಿಯೂ ಬರುತ್ತದೆ. ಕೋಟಿನ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡಿ. ಒಳ್ಳೆಯ ಉಣ್ಣೆ ಕೂಡಲೆ ತನ್ನ ರೂಪಕ್ಕೆ ಮರಳುತ್ತದೆ, ಕಳಪೆ ಬಟ್ಟೆ ಮುಪ್ಪಿನ ಮುಖದಂತೆ ಸುಕ್ಕಾಗಿಯೇ ಉಳಿಯುತ್ತದೆ. ಸೂಟಿನ ಬಟ್ಟೆ ಮೀಟರಿಗೆ 250ರಿಂದ 300 ಗ್ರಾಂ ತೂಗಿದರೆ ಓವರ್‌ಕೋಟಿನ ಬಟ್ಟೆ 500ರಿಂದ 700 ಗ್ರಾಂ ತೂಗುವುದು ವಾಡಿಕೆ.

ಒಳಗಿನ ಚೀಟಿಯನ್ನೂ ಓದಬೇಕು. ನೂರಕ್ಕೆ 80 ಭಾಗ ಉಣ್ಣೆ, 20 ಭಾಗ ನೈಲಾನ್ ಎಂದಿದ್ದರೆ ಗಾಬರಿಪಡಬೇಕಾಗಿಲ್ಲ. ಆ ನೈಲಾನ್ ಬಾಳಿಕೆಗೆಂದು ಸೇರಿದ್ದು. ಉಣ್ಣೆ 30 ಭಾಗ, ಉಳಿದುದೆಲ್ಲ ಪಾಲಿಯೆಸ್ಟರ್ ಎಂದಿದ್ದರೆ ಮಾತ್ರ ನೀವು ಕೊಳ್ಳುತ್ತಿರುವುದು ಉಣ್ಣೆಯ ಹೆಸರನ್ನು. ಹಳೆಯ ಉಣ್ಣೆಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂಲುವ ಪದ್ಧತಿಯೊಂದಿದೆ. ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ 1813ರಲ್ಲಿ ಆರಂಭವಾದ ಈ ಉದ್ಯಮಕ್ಕೆ ಇಂದು ನಮ್ಮ ಪಾಣಿಪತ್ತು ದೊಡ್ಡ ಕೇಂದ್ರವಾಗಿದೆ. ಮರುನೂಲಿನ ಬಟ್ಟೆ ತುಚ್ಛವಾದುದೇನೂ ಅಲ್ಲ. ಆದರೆ ಅದರ ಎಳೆ ಗಿಡ್ಡವಾದುದರಿಂದ ಬೇಗ ಸವೆಯುತ್ತದೆ. ಅದಕ್ಕೆ ಹೊಸ ಉಣ್ಣೆಯ ಬೆಲೆ ಕೊಡಲಾಗದು.

ಇನ್ನು ರೂಪದ ಮಾತು. ಚೆಸ್ಟರ್‌ಫೀಲ್ಡ್ ಎಂಬುದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪ್ರಭುವೊಬ್ಬನ ಹೆಸರನ್ನು ಹೊತ್ತ ಸರಳವಾದ ನೀಳ ಕೋಟು. ಕೆಲವಕ್ಕೆ ಮಖಮಲ್ಲಿನ ಕಾಲರಿರುತ್ತದೆ. ಕಚೇರಿಗೂ ಮದುವೆಯ ಔತಣಕ್ಕೂ ಸಲ್ಲುವಂಥದು. ಅಲ್‌ಸ್ಟರ್ ಎಂಬುದು ಐರ್ಲೆಂಡಿನ ಉತ್ತರಭಾಗದ ಹೆಸರಿನದು. ಭಾರವಾದ ಬಟ್ಟೆ, ಅಗಲವಾದ ಕಾಲರು, ಎದೆಯ ಮೇಲೆ ಎರಡು ಸಾಲು ಗುಂಡಿ. ಈ ಎರಡು ಸಾಲು ಗುಂಡಿಯನ್ನು ಅಲಂಕಾರವೆಂದು ಭಾವಿಸುವವರಿದ್ದಾರೆ. ಅದರಿಂದಾಗುವ ನಿಜವಾದ ಲಾಭವೆಂದರೆ ಎದೆಯ ಮೇಲೆ ಬಟ್ಟೆ ಎರಡು ಪದರವಾಗಿ ಬೀಳುವುದು. ಅಗಲವಾದ ಕಾಲರೂ ಹಾಗೆಯೆ; ಮೇಲಕ್ಕೆತ್ತಿ ಗಂಟಲ ಬಳಿ ಗುಂಡಿ ಹಾಕಿದರೆ ಕಿವಿಯವರೆಗೆ ಕಾವಲು. ಅಂಗಡಿಯಲ್ಲಿ ಕಾಲರನ್ನು ಎತ್ತಿ ನೋಡದೆ ಕೋಟು ಕೊಳ್ಳುವುದು ಗಂಟಲನ್ನು ಮರೆತು ಮೈಯನ್ನು ಕೊಂಡಂತೆ.

ತರುಣರಿಗೆ ಟ್ರೆಂಚ್ ಕೋಟಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. 1942ರ ‘ಕಾಸಾಬ್ಲಾಂಕಾ’ ಚಿತ್ರದಲ್ಲಿ ಹಂಫ್ರಿ ಬೋಗಾರ್ಟ್ ಅದನ್ನು ತೊಟ್ಟಂದಿನಿಂದ ಸೊಂಟಪಟ್ಟಿಯ ಆ ಕೋಟಿಗೆ ಮರುಳಾಗದ ಯುವಕರು ವಿರಳ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಮಳೆ ಗಾಳಿಗಳನ್ನು ತಡೆಯಲೆಂದು ಬ್ರಿಟಿಷ್ ಅಧಿಕಾರಿಗಳು ತೊಟ್ಟ ಹತ್ತಿಯ ಗ್ಯಾಬರ್ಡೀನಿನ ಕೋಟು ಅದು. ಬೆಂಗಳೂರಿನ ಜುಲೈ ತಿಂಗಳಿಗೆ ಹೇಳಿ ಮಾಡಿಸಿದಂತಿರುವ ಈ ಉಡುಪು ಶಿಕಾಗೋವಿನ ಜನವರಿಗೆ ಏನೇನೂ ಸಾಲದು. ನಾಯಕನಿಗೆ ಚಳಿಯಾಗದಿದ್ದುದಕ್ಕೆ ಸ್ಟುಡಿಯೋದ ದೀಪಗಳು ಕಾರಣವಿದ್ದೀತು.

ಬಟ್ಟೆಯ ನಂತರ ಮುಖ್ಯವಾದುದು ಹೆಗಲು. ತೋಳು ಉದ್ದವಾದರೆ ದರ್ಜಿ ಕತ್ತರಿಸಿಯಾನು, ಸೊಂಟ ಸಡಿಲವಾದರೆ ಹಿಡಿದಾನು, ಗುಂಡಿಯನ್ನು ಸರಿಸಿಯಾನು. ಹೆಗಲು ತಪ್ಪಿದ ಕೋಟನ್ನು ಸರಿಪಡಿಸಬೇಕಾದರೆ ಇಡೀ ಕೋಟನ್ನೇ ಬಿಚ್ಚಬೇಕು. ಓವರ್‌ಕೋಟನ್ನು ಅಂಗಿಯ ಮೇಲೆ ತೊಟ್ಟು ನೋಡುವುದು ವ್ಯರ್ಥ. ಒಳಗೆ ಏನು ತೊಡುವಿರೋ ಅದನ್ನೇ, ಸೂಟಾದರೆ ಸೂಟು, ಸ್ವೆಟರಾದರೆ ಸ್ವೆಟರು, ತೊಟ್ಟುಕೊಂಡೇ ಅಂಗಡಿಗೆ ಹೋಗಬೇಕು. ಓವರ್‌ಕೋಟಿನ ಹೆಗಲ ಹೊಲಿಗೆ ಒಳಗಿನ ಕೋಟಿನ ಹೆಗಲನ್ನು ದಾಟಿ ಸ್ವಲ್ಪವೇ ಆಚೆಗೆ ಬಿದ್ದಿರಬೇಕು. ತೋಳು ಒಳಗಿನ ಕೋಟನ್ನೂ ಅಂಗಿಯ ಕಫನ್ನೂ ಪೂರ್ತಿಯಾಗಿ ಮುಚ್ಚಿ ಹೆಬ್ಬೆರಳಿನ ಬುಡವನ್ನು ಮುಟ್ಟಬೇಕು. ಗುಂಡಿ ಹಾಕಿ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ. ಬೆನ್ನು ಬಿಗಿದರೆ ಬಸ್ಸಿನ ಕಂಬಿಯನ್ನು ಹಿಡಿಯುವಾಗ ನಿಮ್ಮ ಗತಿ ಏನೆಂಬುದು ಅಲ್ಲಿಯೇ ತಿಳಿಯುತ್ತದೆ.

ಉದ್ದದ ವಿಷಯದಲ್ಲಿ ನಾನು ಹಳೆಯ ಕಾಲದವನು. ತೊಡೆಯ ನಡುವಿಗೇ ನಿಲ್ಲುವ ಗಿಡ್ಡ ಕೋಟುಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ಅವು ಕಾರಿನಿಂದ ಇಳಿದು ಕಚೇರಿಗೆ ಹೊಗುವವರಿಗೆ ಸರಿಹೋಗಬಹುದು. ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಂತು ಕಾಯಬೇಕಾದವನಿಗೆ ಮೊಣಕಾಲು ಮುಚ್ಚುವ ಕೋಟೇ ಬೇಕು. ನೀಳವಾದ ಗೆರೆ ನಮ್ಮಂಥ ಸಾಧಾರಣ ಎತ್ತರದವರನ್ನೂ ತುಸು ಎತ್ತರವಾಗಿ ತೋರಿಸುತ್ತದೆ ಎಂಬುದು ಮೇಲಿನ ಲಾಭ. ಬಣ್ಣಕ್ಕೆ ಕಡುನೀಲಿ ಅಥವಾ ಇದ್ದಿಲ ಬೂದಿ. ಕಪ್ಪಿನ ಮೇಲೆ ಪ್ರತಿಯೊಂದು ನೂಲೆಳೆಯೂ ಕಾಣುತ್ತದೆ. ಒಂಟೆಯ ಬಣ್ಣ ಅತ್ಯಂತ ಸುಂದರವಾದುದು, ಆದರೆ ದಿಲ್ಲಿಯ ಧೂಳಿಗೆ ಅದು ತಕ್ಕುದಲ್ಲ.

ದಿಲ್ಲಿಯ ಚಳಿಗೂ ಶಿಕಾಗೋವಿನ ಚಳಿಗೂ ಇರುವ ಅಂತರ ಕೇವಲ ಡಿಗ್ರಿಯದಲ್ಲ. ದಿಲ್ಲಿಯಲ್ಲಿ ಜನವರಿಯ ರಾತ್ರಿಗಳು ಸರಾಸರಿ 7 ಡಿಗ್ರಿಯ ಆಸುಪಾಸಿನಲ್ಲಿದ್ದು, ಕೆಲವು ರಾತ್ರಿ 2-3ಕ್ಕೂ ಇಳಿಯುತ್ತವೆ. ಆದರೆ ಅಲ್ಲಿನ ಸಾಧಾರಣ ಮನೆಗಳಲ್ಲಿ ಬೆಚ್ಚಗಿಡುವ ಏರ್ಪಾಡಿಲ್ಲದುದರಿಂದ ಚಳಿ ಬೀದಿಯಲ್ಲಿರುವಂತೆ ಒಳಕೋಣೆಯಲ್ಲಿಯೂ ಇರುತ್ತದೆ. ಅಲ್ಲಿಗೆ ಹೋಗುವವನು ಸ್ವೆಟರುಗಳಿಗೆ ಹೆಚ್ಚು ಹಣ ಹಾಕಿ, 500 ಗ್ರಾಮಿನ ಮಧ್ಯಮ ಕೋಟೊಂದನ್ನು ಕೊಂಡರೆ ಸಾಕು. ಶಿಕಾಗೋವಿನಲ್ಲಿ ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೂ ಕಟ್ಟಡದ ಒಳಗೆ ನಮ್ಮ ಸಂಕ್ರಾಂತಿಯ ಹಗಲಿನಂತಿರುತ್ತದೆ. ಅಲ್ಲಿಯವನು ದಿನಕ್ಕೆ ಹತ್ತು ಬಾರಿ ಕೋಟನ್ನು ಕಳಚಿ ತೊಡಬೇಕಾಗುವುದರಿಂದ ಬಿಸಿಯೆಲ್ಲವೂ ಕೋಟಿನಲ್ಲಿಯೇ ಇರಬೇಕು, ಅದರ ಅಸ್ತರು ತೋಳು ಜಾರುವಷ್ಟು ನುಣುಪಾಗಿರಬೇಕು. ಅದೇ ಊರಿನಲ್ಲಿ 1985ರ ಜನವರಿ 20ರಂದು ಉಷ್ಣತೆ ಸೊನ್ನೆಗಿಂತ ಸುಮಾರು 33 ಡಿಗ್ರಿ ಕೆಳಗೆ ಇಳಿದಿತ್ತು. ಅಂಥ ದಿನಗಳಲ್ಲಿ ಉಣ್ಣೆಯ ಕೋಟು ಮರ್ಯಾದೆಯಿಂದ ಹಿಂದೆ ಸರಿದು, ಬಾತುಕೋಳಿಯ ಮೃದುಗರಿ ತುಂಬಿದ ಟೋಪಿಕೋಟಿಗೆ ದಾರಿ ಬಿಡಬೇಕು. ಅಲ್ಲಿ ಮಾತ್ರ ತಾಯಿಯ ಪಕ್ಷಕ್ಕೆ ನಿರ್ವಿವಾದವಾದ ಜಯ.

ಹಣ ಮಿತವಾಗಿದ್ದಾಗ ಎಲ್ಲಿ ಕೈ ಬಿಗಿಹಿಡಿಯಬೇಕು? ಇದಕ್ಕೆ ನಾನು ಬಲ್ಲ ಉತ್ತಮವಾದ ಉತ್ತರ ಒಂದು ಕಥೆಯಲ್ಲಿದೆ. ರಷ್ಯದ ಗೊಗೊಲ್ 1842ರಲ್ಲಿ ಪ್ರಕಟಿಸಿದ ‘ಓವರ್‌ಕೋಟು’ ಕಥೆಯ ಬಡ ಗುಮಾಸ್ತ ಅಕಾಕಿ ಅಕಾಕಿಯೆವಿಚ್, ಸಂಜೆಯ ಚಹಾ ಬಿಟ್ಟು, ಮೋಂಬತ್ತಿ ಉಳಿಸಿ ಹೊಸ ಕೋಟಿಗೆ ಹಣ ಕೂಡಿಸುತ್ತಾನೆ. ದರ್ಜಿ ಪೆಟ್ರೊವಿಚ್ ಕುಡುಕನಾದರೂ ಕೆಲಸ ಬಲ್ಲವನು. ಹಳೆಯ ಕೋಟಿಗೆ ತೇಪೆ ಹಾಕಲು ಅವನು ಒಪ್ಪುವುದಿಲ್ಲ. ಸೂಜಿ ತಾಗಿದರೆ ಹರಿಯುವ ಬಟ್ಟೆಯಲ್ಲಿ ತೇಪೆ ನಿಲ್ಲದೆಂದು ಅವನಿಗೆ ಗೊತ್ತು. ಹೊಸ ಕೋಟಿಗೆ ಇಬ್ಬರೂ ಸೇರಿ ಒಳ್ಳೆಯ ಬಟ್ಟೆಯನ್ನೇ ಕೊಳ್ಳುತ್ತಾರೆ. ಹೊಲಿಗೆಯೆಲ್ಲ ರೇಷ್ಮೆಯ ನೂಲಿನ ಜೋಡಿಹೊಲಿಗೆ. ಉಳಿತಾಯ ಮಾಡಿದ್ದು ಅಸ್ತರಿನಲ್ಲಿ ಮತ್ತು ಕಾಲರಿನಲ್ಲಿ. ಅಸ್ತರಿಗೆ ರೇಷ್ಮೆಯ ಬದಲು ಗಟ್ಟಿ ಹತ್ತಿಬಟ್ಟೆ. ಕಾಲರಿಗೆ ದುಬಾರಿಯಾದ ಮಾರ್ಟೆನ್ ತುಪ್ಪಳದ ಬದಲು, ದೂರದಿಂದ ನೋಡಿದರೆ ಅದರಂತೆಯೇ ಕಾಣುವ ಬೆಕ್ಕಿನ ತುಪ್ಪಳ. ಆ ಕೋಟಿನ ಮುಂದಿನ ಗತಿ ಕರುಳು ಹಿಂಡುವಂಥದು. ಆದರೆ ಅದನ್ನು ಕೊಂಡ ಕ್ರಮದಲ್ಲಿ ದೋಷವಿರಲಿಲ್ಲ.

ಇನ್ನು ಎಲ್ಲಿ ಕೊಳ್ಳಬೇಕೆಂಬ ಪ್ರಶ್ನೆ. ಪ್ರತಿವರ್ಷ ಆಷಾಢ ಶ್ರಾವಣಗಳಲ್ಲಿ ಹೇಳಿಹೋಗಲು ಬರುವ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದೇ ಮಾತು: ಇಲ್ಲಿ ಕೊಳ್ಳಬೇಡಿ. ಪಂಕ ತಿರುಗುತ್ತಿರುವ ಅಂಗಡಿಯಲ್ಲಿ, ತೆಳ್ಳನೆಯ ಅಂಗಿಯ ಮೇಲೆ, ಹಣೆಯ ಬೆವರೊರೆಸಿಕೊಳ್ಳುತ್ತ ಆರಿಸಿದ ಕೋಟು ಹಿಮದಲ್ಲಿ ಹೇಗಿರುವುದೆಂದು ಮಾರುವವನಿಗೂ ತಿಳಿಯದು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಹೊರಡುವ ವಾರ ಇಲ್ಲಿಯೇ ಭಾರಿ ಬೆಲೆಗೆ ಕೋಟು ಕೊಂಡನು. ಅವನ ತಂದೆ ಅದಕ್ಕಾಗಿ ಸಾಲದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟಿದ್ದರು. ಪೆಟ್ಟಿಗೆಯ 23 ಕಿಲೋಗಳಲ್ಲಿ 2 ಕಿಲೋ ಅದೇ ನುಂಗಿತು. ನವೆಂಬರಿನಲ್ಲಿ ಸ್ವೆಟರಿನ ಮೇಲೆ ತೊಡಹೋದರೆ ಗುಂಡಿ ಕೂಡಲಿಲ್ಲ. ಮನೆಗೆ ಬರೆದ ಕಾಗದದಲ್ಲಿ ಕೋಟು ಬಹಳ ಬೆಚ್ಚಗಿದೆಯೆಂದು ತಿಳಿಸಿ, ನನಗೆ ಮಾತ್ರ ನಿಜವನ್ನು ಬರೆದನು. ಆ ಚಳಿಗಾಲವನ್ನು ಅವನು ಕಳೆದದ್ದು ಹಳೆಯ ಬಟ್ಟೆಯ ಧರ್ಮಾರ್ಥದ ಅಂಗಡಿಯೊಂದರಲ್ಲಿ ಸಿಕ್ಕ ಕಡುನೀಲಿಯ ಅಲ್‌ಸ್ಟರಿನಲ್ಲಿ.

ಅಂಥ ಅಂಗಡಿಗಳನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಹೊಲಿದ ದಟ್ಟ ಉಣ್ಣೆಯ ಕೋಟುಗಳು ಅಲ್ಲಿ ಹೊಸದರ ಬೆಲೆಯ ಅಲ್ಪಾಂಶಕ್ಕೆ ದೊರೆಯುತ್ತವೆ. ಮೊದಲ ಚಳಿಗಾಲ ಅದರಲ್ಲಿ ಕಳೆದರೆ, ಕ್ರಿಸ್‌ಮಸ್ ಕಳೆದು ಬೆಲೆ ಇಳಿದ ಮೇಲೆ ಹೊಸದನ್ನು ಸಾವಧಾನವಾಗಿ ಆರಿಸಬಹುದು. ಹೆರವರು ತೊಟ್ಟುಬಿಟ್ಟ ಬಟ್ಟೆಯೆ ಎಂದು ಮನೆಯ ಹಿರಿಯರು ಮುಖ ಸಿಂಡರಿಸಿಯಾರು. ಮಡಿಗೆ ಧಾಬಳಿ ಉಡುತ್ತಿದ್ದವರ ಮನೆಯವರಲ್ಲವೆ ತಾವು, ಉಣ್ಣೆಗೆ ಮೈಲಿಗೆಯೆಲ್ಲಿಯದು ಎಂದು ಕೇಳಿದರೆ ಅವರಲ್ಲಿ ಉತ್ತರವಿರುವುದಿಲ್ಲ. ಡ್ರೈಕ್ಲೀನರನ ಚೀಟಿಯನ್ನು ತೋರಿಸಿದರೆ ಇನ್ನೂ ಒಳ್ಳೆಯದು.

ಹೊಸ ಕೋಟಿನ ಬೆನ್ನಿನ ಸೀಳಿಗೆ ಅಡ್ಡಲಾಗಿ ಗುಣಾಕಾರದ ಗುರುತಿನಂತೆ ಒಂದು ದಾರ ಹೊಲಿದಿರುತ್ತದೆ. ತೋಳಿನ ತುದಿಯಲ್ಲಿ ತಯಾರಕನ ಹೆಸರಿನ ಪಟ್ಟಿಯಿರುತ್ತದೆ. ಎರಡನ್ನೂ ಬಿಚ್ಚಿಹಾಕಬೇಕು. ಅವು ಸಾಗಣೆಗೆ ಮತ್ತು ಅಂಗಡಿಗೆ ಸೇರಿದುವೇ ಹೊರತು ತೊಡುವವನಿಗಲ್ಲ. ನೆನೆದ ಕೋಟನ್ನು ಬೆಂಕಿಯ ಬಳಿ ಒಣಗಿಸದೆ ಅಗಲವಾದ ಮರದ ಹ್ಯಾಂಗರಿಗೆ ಹಾಕಿ ಗಾಳಿಯಲ್ಲಿ ಬಿಡಬೇಕು. ರಜಕ್ಕೆ ಊರಿಗೆ ತಂದುದಾದರೆ ಬ್ರಷ್ಷಿನಿಂದ ಉಜ್ಜಿ, ಜೇಬುಗಳನ್ನು ಹೊರಕ್ಕೆ ಮಗುಚಿ, ಕಲೆಗಳನ್ನು ತೆಗೆಸಿಯೇ ಪೆಟ್ಟಿಗೆಯಲ್ಲಿಡಿ. ಬೆವರಿನ, ಊಟದ ಕಲೆಯಿರುವ ಕಡೆಯಲ್ಲೇ ನುಸಿಯ ಮರಿಗಳು ಮೊದಲು ಬಾಯಿ ಹಾಕುವುದು. ನುಸಿಗುಳಿಗೆಗಳನ್ನು ಬಟ್ಟೆಗೆ ತಾಗದಂತೆ ಕಾಗದದಲ್ಲಿ ಸುತ್ತಿ ಇಡಬೇಕು. ಅವುಗಳ ವಾಸನೆ ಹೋಗಲು ನಾಲ್ಕೈದು ದಿನದ ಗಾಳಿ ಬೇಕಾಗುವುದರಿಂದ, ಕೋಟನ್ನು ಪ್ರಯಾಣದ ಹಿಂದಿನ ರಾತ್ರಿಯಲ್ಲ, ಒಂದು ವಾರ ಮೊದಲೇ ಹೊರಗೆ ತೆಗೆದು ತೂಗುಹಾಕಿ.