ಸೇತುವೆಯಾಚೆ ನಡೆಯದ ಪರವಾನಗಿ

ನಾನು ನೆಲೆಸಿರುವ ಪೆನ್ಸಿಲ್ವೇನಿಯಾಕ್ಕೂ ನೆರೆಯ ನ್ಯೂಜೆರ್ಸಿಗೂ ನಡುವೆ ಇರುವುದು ಡೆಲವೇರ್ ನದಿ. ಸೇತುವೆ ದಾಟಲು ಕೆಲವೇ ನಿಮಿಷ ಸಾಕು. ಯುಗಾದಿ ಕಾರ್ಯಕ್ರಮಕ್ಕೆಂದು ಆ ದಡಕ್ಕೆ ಹೊರಟಿದ್ದ ಪರಿಚಯದ ತರುಣನೊಬ್ಬ ನನ್ನನ್ನು ಕೇಳಿದ: "ಡಾಕ್ಟರೇ, ಪಿಸ್ತೂಲು ಸೊಂಟದಲ್ಲೇ ಇರಲಿ ಅಲ್ಲವೇ? ಪರವಾನಗಿ ಇದೆ, ಮುಚ್ಚಿಡುವಂಥದ್ದೇನೂ ಇಲ್ಲ." ಕೊಡಗಿನ ಮನೆಯಲ್ಲಿ ಕೋವಿಗೆ ಪೂಜೆ ಸಲ್ಲಿಸುವುದನ್ನು ನೋಡುತ್ತ ಬೆಳೆದವನು, ಗ್ರೀನ್ ಕಾರ್ಡ್ ದೊರೆತ ಬಳಿಕ ಕ್ರಮಬದ್ಧವಾಗಿಯೇ ಪಿಸ್ತೂಲು ಕೊಂಡವನು. ಪ್ರಶ್ನೆಯಲ್ಲಿ ಕಪಟವಿರಲಿಲ್ಲ; ಆದರೆ ಅಪಾಯವಿತ್ತು.

ಇಲ್ಲಿ ಒಂದು ರಾಜ್ಯದ ವಾಹನ ಚಾಲನಾ ಪರವಾನಗಿ ಎಲ್ಲ ರಾಜ್ಯಗಳಲ್ಲಿಯೂ ನಡೆಯುತ್ತದೆ. ಬಂದೂಕಿನ ಪರವಾನಗಿ ಹಾಗಲ್ಲ. ಹೊರರಾಜ್ಯದ ಪರವಾನಗಿಯನ್ನು ಮನ್ನಿಸಬೇಕೇ ಎಂಬುದನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ. ನ್ಯೂಜೆರ್ಸಿ ಯಾವ ರಾಜ್ಯದ್ದನ್ನೂ ಮನ್ನಿಸುವುದಿಲ್ಲ. ಎದ್ದು ಕಾಣುವಂತೆ ಧರಿಸುವ ವಿಷಯದಲ್ಲಿಯೂ ಅಷ್ಟೇ: ಟೆಕ್ಸಾಸ್ 2016ರಿಂದ ಅದಕ್ಕೆ ಅನುಮತಿ ನೀಡಿದೆ, ಇಲಿನಾಯ್ ನಿಷೇಧಿಸಿದೆ. ಆತ್ಮರಕ್ಷಣೆಗಾಗಿ ಮನೆಯ ಹೊರಗೂ ಕೈಬಂದೂಕು ಒಯ್ಯುವುದು ಸಂವಿಧಾನದತ್ತ ಹಕ್ಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಿತು. ಆದರೆ ಒಂದು ರಾಜ್ಯದ ಪರವಾನಗಿಯನ್ನು ಮತ್ತೊಂದು ಒಪ್ಪಲೇಬೇಕೆಂದು ಹೇಳಲಿಲ್ಲ. ಹಾಗೆ ಒಪ್ಪಿಸುವ ಮಸೂದೆ 2017ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾದರೂ ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ.

ಈ ಅಜ್ಞಾನದ ಬೆಲೆಯೆಷ್ಟು? 2013ರಲ್ಲಿ ಫಿಲಡೆಲ್ಫಿಯಾದ ತಾಯಿಯೊಬ್ಬಳು ಪೆನ್ಸಿಲ್ವೇನಿಯಾದ ಪರವಾನಗಿ ನಂಬಿ ನ್ಯೂಜೆರ್ಸಿಗೆ ಹೋದಳು. ವಾಹನ ತಡೆದ ಪೊಲೀಸರಿಗೆ ತಾನಾಗಿಯೇ ಬಂದೂಕಿನ ವಿಷಯ ತಿಳಿಸಿದಳು. ಕನಿಷ್ಠ ಮೂರೂವರೆ ವರ್ಷ ಸೆರೆವಾಸವಾಗಬಹುದಾದ ಆರೋಪ ಅವಳ ಮೇಲೆ ಬಂತು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು.

ಅವಳು ಅಮೆರಿಕದ ಪ್ರಜೆ. ನಮ್ಮವರ ಸ್ಥಿತಿ ಬೇರೆ. ಗ್ರೀನ್ ಕಾರ್ಡ್ ಇದ್ದವರಿಗೂ ಬಂದೂಕಿನ ಅಪರಾಧ ಸಾಬೀತಾದರೆ ಅದು ಗಡೀಪಾರಿಗೆ ಕಾರಣವಾಗಬಲ್ಲದು. ವಿದ್ಯಾರ್ಥಿ ವೀಸಾ ಅಥವಾ ಎಚ್-1ಬಿ ವೀಸಾದಲ್ಲಿ ಬಂದವರಿಗಂತೂ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಬಂದೂಕು ಮತ್ತು ಗುಂಡು ಹೊಂದುವುದನ್ನೇ ಕೇಂದ್ರದ ಕಾನೂನು ನಿಷೇಧಿಸಿದೆ. ಗೆಳೆಯನ ಪಿಸ್ತೂಲು ಹಿಡಿದು ತೆಗೆಸಿಕೊಂಡ ಒಂದು ಚಿತ್ರವೂ ತೊಂದರೆ ತರಬಹುದು.

ಗುಂಡೇಟಿನ ಗಾಯಗಳನ್ನು ಕಂಡ ವೈದ್ಯನಾಗಿ, ಬಂದೂಕು ಬೇಕೇ ಎಂಬ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ; ಅದು ಬೇರೆ ಚರ್ಚೆ. ಇಲ್ಲಿಗೆ ಬರಲಿರುವವರಿಗೂ ಊರಿನಲ್ಲಿರುವ ಅವರ ತಂದೆತಾಯಿಗಳಿಗೂ ಹೇಳಬೇಕಾದದ್ದು ಇಷ್ಟು: ಈ ದೇಶದಲ್ಲಿ ಬಂದೂಕಿನ ಕಾನೂನು ಒಂದಲ್ಲ, ಹಲವು. "ಗೊತ್ತಿರಲಿಲ್ಲ" ಎಂಬ ಉತ್ತರಕ್ಕೆ ಯಾವ ರಾಜ್ಯದಲ್ಲಿಯೂ ಮನ್ನಣೆಯಿಲ್ಲ.

ಆ ತರುಣ ಪಿಸ್ತೂಲನ್ನು ಮನೆಯ ತಿಜೋರಿಯಲ್ಲಿಟ್ಟು ಬೀಗ ಹಾಕಿ ಹೋದ. ಹೋಳಿಗೆ ಉಂಡು ನೆಮ್ಮದಿಯಿಂದ ಮರಳಿದ.