ಪುಸ್ತಕಕ್ಕೆ ಮೊದಲು ದುಡ್ಡು ಹಾಕೋದು ಯಾರು?

ರಾಜ್ಯೋತ್ಸವ ಬಂದ್ರೆ ನಮ್ಮ ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಕಾಲೇಜುಗಳಲ್ಲಿ ಶಾಲು, ಫಲಕ, ಹಳದಿ-ಕೆಂಪು ಟೀ ಶರ್ಟು, ಡಿಜೆ ಎಲ್ಲಾ ಇರುತ್ತೆ. ಪುಸ್ತಕ ಮಾತ್ರ ಕಾಣಲ್ಲ. ವಾಟ್ಸಾಪ್ ಗುಂಪಲ್ಲಿ ಯಾರಾದ್ರೂ ಒಂದು ಹೊಸ ಕಾದಂಬರಿಯ ಹೆಸರು ಹೇಳಿದರೆ ಬರೋ ಮೊದಲ ಪ್ರಶ್ನೆ, "ಪಿಡಿಎಫ್ ಇದೆಯಾ ಮಗಾ?"

ಹಾಗೆ ಕೇಳೋರನ್ನ ಬೈಯೋದು ಸುಲಭ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಒಂದು ಪ್ರತಿ ಮಾರಾಟ ಆಗೋಕೆ ಮುಂಚೆನೇ ಕಾಗದ, ಅಚ್ಚು, ಬೈಂಡಿಂಗ್‌ಗೆ ದುಡ್ಡು ಬೇಕು. ಅದನ್ನ ಹಾಕೋದು ಯಾರು?

ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಗಳೇ ಹಾಕ್ತಿದ್ರು. ಸ್ಯಾಮ್ಯುಯೆಲ್ ಜಾನ್ಸನ್ನನ ಇಂಗ್ಲಿಷ್ ನಿಘಂಟಿಗೆ 1746ರಲ್ಲಿ ಕೆಲವು ವ್ಯಾಪಾರಿಗಳು ಸೇರಿ 1500 ಗಿನಿಗೆ ಒಪ್ಪಂದ ಮಾಡಿಕೊಂಡರು. ನಿಘಂಟು ಹೊರಬಂದದ್ದು 1755ರಲ್ಲಿ. ಕೊಳ್ಳೋರು ಇದ್ದಾರೆ ಅನ್ನೋ ನಂಬಿಕೆ ಇಲ್ಲದೆ ಯಾವ ವ್ಯಾಪಾರಿ ಅಷ್ಟು ವರ್ಷ ಕಾಯ್ತಾನೆ?

ಆಗ ಕನ್ನಡ ಇನ್ನೂ ಓಲೆಗರಿ, ಕಡತಗಳಲ್ಲೇ ಇತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯ್ತು. 1841ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಯ್ತು. 1894ರ ಕಿಟೆಲ್ ನಿಘಂಟು ಬಂದಿದ್ದು ಅಲ್ಲಿಂದಲೇ. ಆ ಮುದ್ರಣಾಲಯದ ಬೆನ್ನಿಗೆ ಒಂದು ಮಿಷನ್ ಇತ್ತು.

ಬೆನ್ನಿಗೆ ಯಾರೂ ಇಲ್ಲದವರ ಕಥೆ? ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಭಾಷಣಗಳಲ್ಲಿ ಇದನ್ನ ಹೆಮ್ಮೆಯಿಂದ ಹೇಳ್ತಾರೆ. ನಮಗೇನೋ ಅದು ಓದುಗರ ಮೇಲಿನ ದೂರಿನ ಹಾಗೆ ಕೇಳಿಸುತ್ತೆ.

1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಬೇರೆ ದಾರಿ ಹಿಡೀತು. ಜಿ.ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿ ಅವರಿಗೆ ಪುಸ್ತಕ ತಲುಪಿಸಿದರು. ಓದುಗರೇ ಮೊದಲು ಕೈಜೋಡಿಸಿದರೆ ಎಷ್ಟು ಪ್ರತಿ ಅಚ್ಚು ಹಾಕಿಸಬೇಕು ಅನ್ನೋ ಲೆಕ್ಕ ಪ್ರಕಾಶಕರಿಗೆ ಸಿಗುತ್ತೆ. ಈಗ ಕ್ರೌಡ್‌ಫಂಡಿಂಗ್ ಅಂತ ನಾವು ಕರೆಯೋದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ?

ಹಾಸ್ಟೆಲ್ ಹುಡುಗರ ಹತ್ರ ದುಡ್ಡೆಲ್ಲಿದೆ ಅಂತೀರಾ? ನಿಜ. ಆದ್ರೆ ನೂರು ಜನ ಸೆಮಿಸ್ಟರಿಗೆ 50 ರೂಪಾಯಿ ಹಾಕಿದ್ರೆ 5000 ಆಯ್ತು. ಕೆಂಗೇರಿಯಲ್ಲೋ ವಿಜಯನಗರದಲ್ಲೋ ಮೆಟ್ರೋ ಹತ್ತಿದರೆ ನೇರ ಮೆಜೆಸ್ಟಿಕ್, ಪಕ್ಕದಲ್ಲೇ ಗಾಂಧಿನಗರದ ಪುಸ್ತಕದ ಅಂಗಡಿ. ತಂದ ಪುಸ್ತಕ ಸಂಘದ ಕಪಾಟಲ್ಲಿ ಇರಲಿ, ಸರದಿ ಪ್ರಕಾರ ಓದೋಣ. ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿ ಬಂದ ನಮಗೆ ಒಂದು ಪುಟಕ್ಕೆ ಐದು ನಿಮಿಷ ಹಿಡಿದ್ರೂ ಪರವಾಗಿಲ್ಲ. ಸ್ಪರ್ಧೆಗಳಲ್ಲಿ ಗೆದ್ದೋರಿಗೂ ಫಲಕದ ಬದಲು ಪುಸ್ತಕ ಕೊಡೋಣ.

ಪಿಡಿಎಫ್ ಬೇಡವೇ ಬೇಡ ಅಂತ ನಾವು ಹೇಳ್ತಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಅವರ ಕಾದಂಬರಿಗಳನ್ನು ಧಾರಾಳವಾಗಿ ಡೌನ್‌ಲೋಡ್ ಮಾಡ್ಕೊಂಡು ಓದೋಣ. ಇವತ್ತು ಬರೀತಿರೋರ ಪುಸ್ತಕಕ್ಕೆ ಮಾತ್ರ ದುಡ್ಡು ಕೊಡೋಣ. ಅವರೂ ತಲೆ ಮೇಲೆ ಹೊತ್ತು ತಿರುಗೋ ಹಾಗೆ ಆಗಬಾರದು.