ಕಲ್ಲಿದ್ದಲಿನ ಕಸಕ್ಕೆ ಬಿಟ್‌ಕಾಯಿನ್ ಗಂಟುಬಿದ್ದ ಕತೆ

ಅಮೆರಿಕದ ಪೆನ್ಸಿಲ್ವೇನಿಯಾದ ಗಣಿ ಊರುಗಳ ಪಕ್ಕದಲ್ಲಿ ಕಪ್ಪು ಗುಡ್ಡಗಳಿವೆ. ನೂರಕ್ಕೂ ಹೆಚ್ಚು ವರ್ಷ ಕಲ್ಲಿದ್ದಲು ತೆಗೆದ ಕಂಪನಿಗಳು ಒಳ್ಳೆಯದನ್ನು ರೈಲಿಗೆ ತುಂಬಿ, ಕಲ್ಲುಮಣ್ಣು ಬೆರೆತದ್ದನ್ನು ಅಲ್ಲೇ ಸುರಿದು ಹೋದವು. ಎಷ್ಟೋ ಕಂಪನಿಗಳು ಈಗಿಲ್ಲ, ಗುಡ್ಡಗಳಿವೆ. ಮಳೆ ಬಂದರೆ ಆಮ್ಲ ಇಳಿದು ಹಳ್ಳದ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆಲವು ಗುಡ್ಡಗಳು ತಾವಾಗಿ ಹೊತ್ತಿಕೊಂಡು ವರ್ಷಗಟ್ಟಲೆ ಹೊಗೆಯಾಡುತ್ತವೆ.

ಈ ಕಸವನ್ನೇ ಸುಟ್ಟು ಕರೆಂಟು, ಶಾಖ ಎರಡನ್ನೂ ಪಡೆಯುವ ಸ್ಥಾವರಗಳ ಬಗ್ಗೆ ಮೊದಲು ಓದಿದಾಗ ನಾನು ಅವುಗಳ ಪರವಾಗಿಯೇ ಇದ್ದೆ. ನಮ್ಮ ಸಕ್ಕರೆ ಕಾರ್ಖಾನೆಗಳೂ ಕಬ್ಬಿನ ಸಿಪ್ಪೆ ಸುಟ್ಟು, ಹಬೆಯನ್ನು ಕಾರ್ಖಾನೆಗೆ ಬಳಸಿ, ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಕೊಡ್ತಾವಲ್ಲ, ಅದೇ ಕೋ-ಜೆನ್.

ತಂತ್ರಜ್ಞಾನದಲ್ಲಿ ಮೋಸವಿಲ್ಲ. ಮಾಮೂಲಿ ಬಾಯ್ಲರಿನಲ್ಲಿ ಉರಿಯದ ಈ ಕಸವನ್ನು ಪುಡಿಮಾಡಿ, ಕೆಳಗಿನಿಂದ ಜೋರಾಗಿ ಗಾಳಿ ಊದಿ, ಬಿಸಿ ಬೂದಿಯ ಜೊತೆ ಗಂಜಿ ಕುದಿಯುವ ಹಾಗೆ ತೇಲಿಸಿ ಸುಡುತ್ತಾರೆ. ಜೊತೆಗೆ ಹಾಕುವ ಸುಣ್ಣಕಲ್ಲು ಗಂಧಕವನ್ನು ಹಿಡಿದಿಡುತ್ತದೆ. ಸುಣ್ಣ ಬೆರೆತ ಬೂದಿಯನ್ನು ಹಳೇ ಗಣಿ ಜಾಗಕ್ಕೆ ತುಂಬಿದರೆ ಅಲ್ಲಿನ ಆಮ್ಲವೂ ತಗ್ಗುತ್ತದೆ. ಹೀಗೆ 20 ಕೋಟಿ ಟನ್ನಿಗೂ ಹೆಚ್ಚು ಕಸ ಕರಗಿಸಿದ್ದೇವೆ ಅನ್ನುತ್ತದೆ ಉದ್ಯಮ.

ನನ್ನ ತಕರಾರು ಇರುವುದು ದುಡ್ಡಿನ ಲೆಕ್ಕದಲ್ಲಿ. ಇವು ಹುಟ್ಟಿದ್ದು 1978ರ 'ಪುರ್ಪಾ' ಕಾಯ್ದೆಯಿಂದ. ಇಂಥ ಸ್ಥಾವರಗಳ ಕರೆಂಟನ್ನು ವಿದ್ಯುತ್ ಕಂಪನಿಗಳು ಕೊಳ್ಳಲೇಬೇಕು ಎಂದಿತು ಅದು. ಒಳಬರಲು ಎರಡು ಬಾಗಿಲು. ಕಸ ಸುಡುವುದಾದರೆ 80 ಮೆಗಾವಾಟ್ ಮೀರಬಾರದು. ಇಲ್ಲವೇ ಕೋ-ಜೆನ್ ಆಗಿರಬೇಕು, ಅದಕ್ಕೆ ಒಟ್ಟು ಉತ್ಪನ್ನದಲ್ಲಿ ಉಪಯೋಗದ ಶಾಖ ಶೇ. 5ರಷ್ಟಿದ್ದರೂ ಸಾಕು. ಐದೇ ಐದು! ನಮ್ಮ ಸಕ್ಕರೆ ಕಾರ್ಖಾನೆಯ ಹಬೆಯ ಮುಂದೆ ಇದು ಯಾವ ಲೆಕ್ಕ?

ಆಮೇಲೆ ಹಳೇ ಒಪ್ಪಂದಗಳು ಮುಗಿದವು, ಶೇಲ್ ಗ್ಯಾಸ್ ಅಗ್ಗವಾಯಿತು, ಕಸದ ಕರೆಂಟು ದುಬಾರಿಯಾಯಿತು. ರಾಜ್ಯ ಸರ್ಕಾರ 2004ರಲ್ಲೇ ಇದನ್ನು 'ಪರ್ಯಾಯ ಇಂಧನ'ದ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ, ಸುಟ್ಟ ಪ್ರತಿ ಟನ್ ಕಸಕ್ಕೆ 4 ಡಾಲರ್ ತೆರಿಗೆ ರಿಯಾಯ್ತಿಯನ್ನೂ ಕೊಟ್ಟಿತು. ಅದೂ ಸಾಲಲಿಲ್ಲ. ಸ್ಕ್ರಬ್‌ಗ್ರಾಸ್, ಪ್ಯಾಂಥರ್ ಕ್ರೀಕ್ ಸ್ಥಾವರಗಳ ಒಡೆಯ ಸ್ಟ್ರಾಂಗ್‌ಹೋಲ್ಡ್ ಕಂಪನಿ ಅಲ್ಲೇ ಕಂಪ್ಯೂಟರ್‌ಗಳನ್ನಿಟ್ಟು ಬಿಟ್‌ಕಾಯಿನ್ ಮೈನಿಂಗ್‌ಗೆ ಇಳಿಯಿತು, 2021ರಲ್ಲಿ ನ್ಯಾಸ್ಡಾಕ್‌ನಲ್ಲಿ ಷೇರು ಬಿಟ್ಟಿತು. ಅಂದರೆ ಒಂದೂರಿನ ಹಳ್ಳ ತಿಳಿಯಾಗುವುದು ಬಿಟ್‌ಕಾಯಿನ್ ರೇಟಿನ ಮೇಲೆ ನಿಂತಿತು.

ಇನ್ನೊಂದು ತೊಡಕಿದೆ. ಸ್ಥಾವರಕ್ಕೆ ಗಿಟ್ಟುವುದು ಹತ್ತಿರದ, ಒಂದಿಷ್ಟಾದರೂ ಇದ್ದಿಲಿರುವ ಗುಡ್ಡ. ಬರೀ ಕಲ್ಲೇ ತುಂಬಿರುವ ದೂರದ ಗುಡ್ಡವನ್ನು ಯಾರೂ ಮುಟ್ಟಲ್ಲ, ಅದರ ಹಳ್ಳ ಎಷ್ಟೇ ಕೆಟ್ಟಿರಲಿ. ಮೇಲಾಗಿ, ಒಂದು ಯೂನಿಟ್ ಕರೆಂಟಿಗೆ ಇಲ್ಲಿ ಬರುವ ಇಂಗಾಲ ಮಾಮೂಲಿ ಕಲ್ಲಿದ್ದಲಿಗಿಂತ ಹೆಚ್ಚು. ಬಿಟ್ಟರೂ ಗುಡ್ಡ ತಾನಾಗಿ ಉರಿಯುತ್ತಿತ್ತು ಅನ್ನುವ ವಾದ ಎಲ್ಲ ಗುಡ್ಡಗಳಿಗೂ ಒಪ್ಪುವುದಿಲ್ಲ.

ನಮ್ಮಲ್ಲಿ? ಗಣಿಯಿಂದ 500 ಕಿ.ಮೀ. ಆಚೆ ಹೋಗುವ ಕಲ್ಲಿದ್ದಲಿನಲ್ಲಿ ಬೂದಿ ಶೇ. 34 ಮೀರಬಾರದು ಅಂತ 2014ರಲ್ಲಿ ಕೇಂದ್ರ ನಿಯಮ ಮಾಡಿತು. ಅದಕ್ಕೆ ತೊಳೆಯಬೇಕು. ತೊಳೆದರೆ ಉಳಿಯುವ ಕಸವನ್ನು ಗಣಿ ಬಾಗಿಲಲ್ಲೇ ಸುಡಲು ಇಂಥ ಬಾಯ್ಲರ್ ಬೇಕು. 2020ರ ಮೇನಲ್ಲಿ ನಿಯಮವನ್ನೇ ಕೈಬಿಟ್ಟರು. ತೊಳೆದರೆ ಬೂದಿಯ ಜಾಗ ಬದಲಾಗುತ್ತದೆ ಅಷ್ಟೇ ಅನ್ನೋದು ಸಮರ್ಥನೆ. ಹೌದು, ಬದಲಾಗುತ್ತದೆ. ಈಗ ಅದಕ್ಕೆ ರೈಲು ಹತ್ತಿ ರಾಯಚೂರಿನ ಶಕ್ತಿನಗರದ ಬೂದಿಹೊಂಡದವರೆಗೂ ಬರಲು ತಡೆಯಿಲ್ಲ. ಸಾಗಣೆ ವೆಚ್ಚ ನಮ್ಮ ಕರೆಂಟ್ ಬಿಲ್ಲಿನಲ್ಲೇ ಸೇರಿರುತ್ತದೆ.